ಮನೆಯಲ್ಲಿ ಗಿಣಿ: ಯಾವುದನ್ನು ಸಾಕಬಹುದು, ಹೇಗೆ ನೋಡಿಕೊಳ್ಳಬೇಕು?

ಮಾನ್ವಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಪ್ರಾಣಿ ಸಂರಕ್ಷಣೆಯ ಪಾಠ ಮಾಡಿದಾಗ ಹೆಚ್ಚು ಪ್ರಶ್ನೆ ಬಂದದ್ದು ಹುಲಿಯ ಬಗ್ಗೆ ಅಲ್ಲ. "ಟೀಚರ್, ನಮ್ಮ ಮನ್ಯಾಗ ಗಿಣಿ ಐತ್ರಿ, ಏನು ತಿನ್ನಸ್ಬೇಕ್ರಿ?" ಎಂದು ಒಬ್ಬ ಹುಡುಗ ಕೇಳಿದ. ಸಹಪಾಠಿ ಶಿಕ್ಷಣಾರ್ಥಿಗಳಿಗೂ ಈ ಪ್ರಶ್ನೆ ಎದುರಾಗಬಹುದು.

ಮೊದಲು ಕಾನೂನಿನ ಮಾತು. ದೇವದುರ್ಗ, ಮಾನ್ವಿ ಕಡೆ ಜೋಳ, ಸೂರ್ಯಕಾಂತಿ ಹೊಲಗಳ ಮೇಲೆ ಕಿರುಚುತ್ತ ಹಾರುವ, ಗಂಡಿಗೆ ಕೊರಳಪಟ್ಟಿ ಇರುವ ಹಸಿರು ಗಿಣಿಯನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು ಅಪರಾಧ. 2022ರ ತಿದ್ದುಪಡಿಯ ನಂತರ ಅದು ಎರಡನೇ ಅನುಸೂಚಿಯಲ್ಲಿದೆ. "ಹೊಲದಾಗ ತೆನಿ ತಿಂತಾವ, ಮನ್ಯಾಗ ಒಂದು ಇಟ್ಕೊಂಡ್ರ ಏನಾತು?" ಎನ್ನುವ ಹಿರಿಯರಿದ್ದಾರೆ. ಆದರೆ ಮಾರಾಟದ ಮರಿಗಳನ್ನು ರೆಕ್ಕೆ ಬಲಿಯುವ ಮುನ್ನವೇ ಮರದ ಪೊಟರೆಯಿಂದ ಕಿತ್ತಿರುತ್ತಾರೆ. ಪೊಟರೆ ಒಡೆದರೆ ಮುಂದಿನ ವರ್ಷದ ಗೂಡೂ ಹೋಯಿತು.

ಪಂಜರದಲ್ಲಿ ಈಗಾಗಲೇ ಇರುವುದನ್ನು ಹಾಗೇ ಹಾರಿಬಿಡಬಾರದು. ರೆಕ್ಕೆಯ ಸ್ನಾಯು ಸೊರಗಿರುತ್ತದೆ, ಬೆಕ್ಕು, ಕಾಗೆಯ ಪಾಲಾಗುತ್ತದೆ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸುವುದು ಸರಿಯಾದ ದಾರಿ. ಯಾರ ಮನೆಯಲ್ಲಿ ಗಿಣಿ ಇದೆ ಎಂದು ತರಗತಿಯಲ್ಲಿ ಕೈ ಎತ್ತಿಸಬೇಡಿ. ಮಗು ಹೆದರಿ ಮುಂದೆ ಏನನ್ನೂ ಕೇಳುವುದಿಲ್ಲ. ನಾನು ಆ ಹುಡುಗನೊಂದಿಗೆ ಬಿಡುವಿನ ವೇಳೆಯಲ್ಲೇ ಮಾತಾಡಿದೆ.

ಅಂಗಡಿಯಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಪುಟ್ಟ ಗಿಣಿಗಳು ಹೆಚ್ಚಾಗಿ ಬಜರಿಗಾರ್‌ಗಳು. ಮೂಲ ಆಸ್ಟ್ರೇಲಿಯಾ, ಪಂಜರದಲ್ಲೇ ಹುಟ್ಟಿ ಬೆಳೆದವು; ಇವನ್ನು ಸಾಕಬಹುದು. ಗುಂಪಿನ ಹಕ್ಕಿಯಾದ್ದರಿಂದ ಜೋಡಿ ಬೇಕು. ಪಂಜರ ಎತ್ತರಕ್ಕಿಂತ ಅಗಲವಾಗಿರಲಿ, ಏಕೆಂದರೆ ಅವು ಅಡ್ಡಡ್ಡ ಹಾರುತ್ತವೆ.

ಹಿಡಿಯುವ ರೀತಿಯಲ್ಲಿ ಒಳ್ಳೆಯ ವಿಜ್ಞಾನ ಪಾಠವೇ ಇದೆ. ನಮಗೆ ಉಸಿರಾಟಕ್ಕೆ ವಪೆ ಇದೆ, ಹಕ್ಕಿಗೆ ಅಂಥದ್ದಿಲ್ಲ. ಎದೆಮೂಳೆ ಮುಂದೆ ಹಿಂದೆ ಚಲಿಸಿದರೆ ಮಾತ್ರ ಗಾಳಿಚೀಲಗಳಿಗೆ ಗಾಳಿ ಬರುತ್ತದೆ. ಪ್ರೀತಿಯಿಂದಲೇ ಮುಷ್ಟಿಯಲ್ಲಿ ಬಿಗಿಹಿಡಿದರೂ ಅದು ಉಸಿರುಗಟ್ಟಿ ಸಾಯಬಹುದು. ಬೆನ್ನು ಅಂಗೈಗೆ ತಾಗುವಂತೆ, ಕುತ್ತಿಗೆಯ ಎರಡೂ ಬದಿ ತೋರುಬೆರಳು, ನಡುಬೆರಳು ಹಗುರವಾಗಿಟ್ಟು, ಎದೆಯನ್ನು ಒತ್ತದೆ ಹಿಡಿಯಬೇಕು. ಅದಕ್ಕಿಂತ ಕೈಯಲ್ಲಿ ನವಣೆ ಇಟ್ಟು ಅದಾಗಿಯೇ ಬರುವವರೆಗೆ ದಿನವೂ ಕಾಯುವುದು ಮೇಲು. ಇದೇ ಸೂಕ್ಷ್ಮ ಶ್ವಾಸಾಂಗದಿಂದಾಗಿ ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ಹಕ್ಕಿಗೆ ಪ್ರಾಣಾಂತಿಕ. ಪಂಜರ ಅಡುಗೆಮನೆಯಲ್ಲಿ ಬೇಡ. ಹೊರಬಿಟ್ಟಾಗ ಫ್ಯಾನ್ ನಿಲ್ಲಿಸಿ.

ನವಣೆ, ಸಜ್ಜೆ ಮುಖ್ಯ ಆಹಾರ. ಬರೀ ಕಾಳಿನಿಂದ 'ಎ' ಜೀವಸತ್ವದ ಕೊರತೆ ಬರುವುದರಿಂದ ತೊಳೆದ ನುಗ್ಗೆಸೊಪ್ಪು, ಗಜ್ಜರಿ ಕೊಡಿ. ಸೂರ್ಯಕಾಂತಿ ಬೀಜ ಕೊಬ್ಬು, ಅಪರೂಪಕ್ಕೆ ಸಾಕು. ಚಾಕೊಲೇಟ್, ಬೆಣ್ಣೆಹಣ್ಣು ವಿಷ. ಮೆಣಸಿನಕಾಯಿ ತಿಂದರೆ ಹಕ್ಕಿಗೆ ಖಾರ ಹತ್ತುವುದಿಲ್ಲ, ಏಕೆಂದರೆ ಖಾರ ಗುರುತಿಸುವ ಅವುಗಳ ಗ್ರಾಹಕಗಳೇ ಬೇರೆ. ಮಕ್ಕಳು ಇದನ್ನು ಕೇಳಿ ಬಹಳ ನಕ್ಕರು.

ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಕ್ಕಿಗೆ ಬೆವರುಗ್ರಂಥಿ ಇಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತ ರೆಕ್ಕೆ ಅಗಲಿಸಿದರೆ ಸೆಖೆ ತಾಳುತ್ತಿಲ್ಲವೆಂದು ಅರ್ಥ. ತಗಡಿನ ಸೂರಿನ ಕೆಳಗೆ ಪಂಜರ ತೂಗಬೇಡಿ, ನೀರನ್ನು ದಿನಕ್ಕೆರಡು ಸಲ ಬದಲಿಸಿ. ಹಿಕ್ಕೆಯ ಧೂಳಿನಿಂದ ಸಿಟಕೋಸಿಸ್ ಎಂಬ ಜ್ವರ ಮನುಷ್ಯರಿಗೂ ಹರಡಬಹುದು. ಆದ್ದರಿಂದ ಪಂಜರವನ್ನು ಒಣಗಿದಂತೆಯೇ ಗುಡಿಸದೆ ನೀರು ಚಿಮುಕಿಸಿ ತೊಳೆದು, ಸೋಪಿನಿಂದ ಕೈ ತೊಳೆಯಿರಿ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲೇ ಕುಳಿತಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಿ.