ಒಗಟು ಮತ್ತು ತರಗತಿಯ ವಿಮರ್ಶಾತ್ಮಕ ಚಿಂತನೆ

ಕಲಿಕೆಯನ್ನು ಕಂಠಪಾಠದಿಂದ ಬಿಡಿಸಿ ಶಾಲೆಯ ಹೊರಗಿನ ಬದುಕಿನೊಡನೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ತ್ವಗಳಲ್ಲಿ ಸೇರಿದೆ. ವಿಮರ್ಶಾತ್ಮಕ ಚಿಂತನೆ ಮತ್ತು ಸೃಜನಶೀಲತೆಗಳಿಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒತ್ತು ನೀಡಿದೆ. ಈ ಆಶಯಗಳು ತರಗತಿಯಲ್ಲಿ ಕಾರ್ಯರೂಪಕ್ಕೆ ಬರುವ ಬಗೆಯನ್ನು ಜನಪದ ಒಗಟಿನ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಬರ್ಟ್ ಜಾರ್ಜಸ್ ಮತ್ತು ಅಲನ್ ಡಂಡೆಸ್ ಅವರು 1963ರಲ್ಲಿ ಒಗಟಿನ ರಾಚನಿಕ ವ್ಯಾಖ್ಯೆಯೊಂದನ್ನು ಮಂಡಿಸಿದರು. ಅವರ ಪ್ರಕಾರ ಒಗಟಿನಲ್ಲಿ ಒಂದು ಅಥವಾ ಹೆಚ್ಚು ವರ್ಣನಾಂಶಗಳಿರುತ್ತವೆ. ಅವುಗಳಲ್ಲಿ ಎರಡು ಪರಸ್ಪರ ವಿರೋಧಿಗಳಾಗಿರಬಹುದು. ಆ ವರ್ಣನೆಗೆ ಒಳಪಟ್ಟ ವಸ್ತುವನ್ನು ಕೇಳುಗನು ಊಹಿಸಬೇಕು. ಊಹೆ, ಪರೀಕ್ಷೆ, ನಿರಾಕರಣೆ, ಮರುಊಹೆ ಎಂಬ ವೈಚಾರಿಕ ಕ್ರಮವು ಈ ರಚನೆಯಲ್ಲಿಯೇ ಅಡಕವಾಗಿದೆ.

ಒಂದು ನಿದರ್ಶನವನ್ನು ಗಮನಿಸಬಹುದು. ಕಾಲುಗಳಿದ್ದರೂ ನಡೆಯದ ವಸ್ತು ಯಾವುದೆಂದು ಕೇಳಿದಾಗ ಒಂದು ಮಗು ಕುರ್ಚಿಯೆಂದರೆ ಮತ್ತೊಂದು ಮಂಚವೆನ್ನಬಹುದು, ಮೂರನೆಯದು ಮೇಜು ಎನ್ನಬಹುದು. ವರ್ಣನೆಗೆ ಮೂರೂ ಸಲ್ಲುತ್ತವೆ. ‘ಕೈಗಳಿದ್ದರೂ ಹಿಡಿಯದು’ ಎಂಬ ಅಂಶವನ್ನು ಸೇರಿಸಿದೊಡನೆ ಮಂಚ, ಮೇಜುಗಳು ಬಿದ್ದುಹೋಗಿ ಕೈಯುಳ್ಳ ಕುರ್ಚಿಯೊಂದೇ ಉಳಿಯುತ್ತದೆ. ಯಾವ ಉತ್ತರ ಏಕೆ ಉಳಿಯಿತು, ಯಾವುದು ಏಕೆ ಬಿದ್ದಿತು ಎಂಬ ವಿಚಾರಣೆಯೇ ಇಲ್ಲಿನ ನಿಜವಾದ ಪಾಠ. ಮೊದಲ ವರ್ಣನೆಯಷ್ಟಕ್ಕೇ ಕುರ್ಚಿಯನ್ನು ಮಾತ್ರ ಸರಿಯೆಂದು ಒಪ್ಪಿದರೆ, ಸರಿಯಾಗಿ ಯೋಚಿಸಿದ ಇಬ್ಬರು ಮಕ್ಕಳನ್ನು ತಪ್ಪಿತಸ್ಥರನ್ನಾಗಿಸಿದಂತಾಗುತ್ತದೆ.

ಒಗಟನ್ನು ಮುದ್ರಿಸಿ ಕೆಳಗೆ ಉತ್ತರವನ್ನು ಕೊಟ್ಟಾಗ ಪಠ್ಯ ಉಳಿದರೂ ಪ್ರಕ್ರಿಯೆ ಅಳಿಯುತ್ತದೆ. ಜಾನಪದವನ್ನು ಚಿಕ್ಕ ಸಮೂಹಗಳಲ್ಲಿ ನಡೆಯುವ ಕಲಾತ್ಮಕ ಸಂವಹನವೆಂದು 1971ರಲ್ಲಿ ಡ್ಯಾನ್ ಬೆನ್-ಅಮೋಸ್ ನಿರೂಪಿಸಿದ್ದು ಇಲ್ಲಿ ಸ್ಮರಣೀಯ. ಒಡ್ಡುವವರು, ಬಿಡಿಸುವವರು, ಆಕ್ಷೇಪಿಸುವವರು ಇಲ್ಲದೆಡೆ ಒಗಟು ಕಂಠಪಾಠದ ಮತ್ತೊಂದು ಸರಕಾಗುತ್ತದೆ.

ಬಿಡಿಸುವುದರ ಮುಂದಿನ ಹಂತ ಕಟ್ಟುವುದು. ಮಕ್ಕಳು ತಮ್ಮ ಪರಿಸರದ ವಸ್ತುವೊಂದನ್ನು ಆಯ್ದು, ಅದರ ಗುಣಗಳನ್ನು ಪಟ್ಟಿಮಾಡಿ, ಅವುಗಳೊಳಗಿನ ವಿರೋಧವೊಂದನ್ನು ಗುರುತಿಸಿ ಒಗಟನ್ನು ರಚಿಸಬಹುದು. ನೇಕಾರರ ಮನೆಯ ಮಗು ಲಾಳಿಯನ್ನು ತಂದರೆ ಮೀನುಗಾರರ ಮನೆಯ ಮಗು ಬಲೆಯನ್ನು ತರುತ್ತದೆ. ಒರಳನ್ನೇ ಕಾಣದ ನಗರದ ಮಗು ಒರಳಿನ ಒಗಟಿನಲ್ಲಿ ಸೋಲುವುದು ಬುದ್ಧಿಯ ಕೊರತೆಯಿಂದಲ್ಲ, ಆ ವಸ್ತುವಿನ ಪರಿಚಯವಿಲ್ಲದ್ದರಿಂದ. ಈ ವ್ಯತ್ಯಾಸವನ್ನು ಅಧ್ಯಾಪಕರು ಗುರುತಿಸುವುದು ಅವಶ್ಯ. ಹಿಂದುಳಿದನೆಂದು ಎಣಿಸಲ್ಪಟ್ಟ ವಿದ್ಯಾರ್ಥಿ ಇಂಥಲ್ಲಿ ಪ್ರಶ್ನೆ ಕೇಳುವ ಸ್ಥಾನಕ್ಕೆ ಬರುತ್ತಾನೆ.

ಆದ್ದರಿಂದ ಶಾಲೆಗೆ ಸಲ್ಲಬೇಕಾದುದು ಒಗಟುಗಳ ಸಂಕಲನವಷ್ಟೇ ಅಲ್ಲ, ಒಗಟೊಡ್ಡುವ ಸಂಪ್ರದಾಯ. ಅನಿರೀಕ್ಷಿತ ಉತ್ತರವನ್ನು ತಳ್ಳಿಹಾಕುವ ಮುನ್ನ ಅದು ವರ್ಣನೆಗೆ ಸಲ್ಲುವುದೇ ಎಂದು ಇಡೀ ತರಗತಿಯೊಡನೆ ಪರೀಕ್ಷಿಸುವ ಅಧ್ಯಾಪಕರಿಂದ ಮಾತ್ರ ಅದು ಸಾಧ್ಯ.