ಹೂರಣ ಯಾಕೆ ನಾಲಿಗೆ ಸುಡುತ್ತದೆ?

ಯುಗಾದಿಯ ಮರುದಿನ ಉಳಿದ ಹೋಳಿಗೆಯನ್ನು ಮೈಕ್ರೊವೇವ್ ಓವನ್‌ನಲ್ಲಿ ಅರ್ಧ ನಿಮಿಷ ಇಟ್ಟು ತೆಗೆದರೆ ಬೆರಳಿಗೆ ಅದು ಬರೀ ಬೆಚ್ಚಗೆ ಅನ್ನಿಸುತ್ತದೆ. ಮುರಿದು ಬಾಯಿಗಿಟ್ಟರೆ ನಾಲಿಗೆ ಸುಡುತ್ತದೆ. ಕಾವಲಿಯ ಮೇಲೆ ಬೆಂದಾಗಲೇ ಕಣಕದ ನೀರು ಬಹುಪಾಲು ಆರಿಹೋಗಿರುತ್ತದೆ. ಬೇಳೆ ಬೆಲ್ಲದ ಹೂರಣದಲ್ಲಿ ತೇವ ಉಳಿದಿರುತ್ತದೆ, ಸಿಹಿಯೂ ತುಂಬಿರುತ್ತದೆ. ಹಾಗಾಗಿ ಓವನ್‌ನ ಅಲೆಗಳ ಶಕ್ತಿಯನ್ನು ಹೂರಣವೇ ಹೆಚ್ಚು ಹೀರಿಕೊಳ್ಳುತ್ತದೆ. ಒಲೆಯ ಮೇಲಾದರೆ ಮೊದಲು ಪಾತ್ರೆ ಕಾಯುತ್ತದೆ, ಆಮೇಲೆ ಅಡುಗೆಯ ಹೊರಭಾಗ, ಕೊನೆಗೆ ಒಳಭಾಗ. ನಮ್ಮ ಕೈಗೂ ಮೂಗಿಗೂ ರೂಢಿಯಾಗಿರುವುದು ಆ ಕ್ರಮ. ಈ ಪೆಟ್ಟಿಗೆಗೆ ಆ ಕ್ರಮ ಗೊತ್ತಿಲ್ಲ. ಮನೆಯ ಮೈಕ್ರೊವೇವ್‌ನಿಂದ ಆಗುವ ಬಹುಪಾಲು ಅನಾಹುತಗಳು ಹುಟ್ಟುವುದು ಇಲ್ಲೇ. ಆದರೆ ಜನ ಹೆದರುವುದು ಬೇರೆಯದಕ್ಕೆ.

ಆ ಹೆದರಿಕೆಯ ಹೆಸರು ರೇಡಿಯೇಷನ್. ಓವನ್ ಶುರುವಾದೊಡನೆ ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸುವ ಅಜ್ಜಿಯರಿದ್ದಾರೆ. ಬಸುರಿ ಸೊಸೆಗೆ ಅದನ್ನು ಮುಟ್ಟಲೇಬೇಡ ಎನ್ನುವ ಅತ್ತೆಯರಿದ್ದಾರೆ. ಅವರ ಕಾಳಜಿ ನಿಜವಾದದ್ದು, ಅದಕ್ಕೆ ಸರಿಯಾದ ಉತ್ತರ ಸಿಗಬೇಕು.

ಓವನ್‌ನ ಹೃದಯಭಾಗದಲ್ಲಿರುವುದು ಮ್ಯಾಗ್ನೆಟ್ರಾನ್ ಎಂಬ ಕೊಳವೆ. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ರೂಪಿಸಿದ ಮ್ಯಾಗ್ನೆಟ್ರಾನ್, ಯುದ್ಧಕಾಲದ ರೇಡಾರ್‌ಗೆ ಬಲ ತಂದಿತು. ಅಮೆರಿಕದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್ 1945ರಲ್ಲಿ ಅದರ ಬಳಿ ಕೆಲಸ ಮಾಡುವಾಗ ಜೇಬಿನ ಮಿಠಾಯಿ ಕರಗಿದ್ದನ್ನು ಗಮನಿಸಿದ. ಎರಡೇ ವರ್ಷಗಳಲ್ಲಿ ಆಳೆತ್ತರದ ಮೊದಲ ಓವನ್ ಮಾರುಕಟ್ಟೆಗೆ ಬಂತು. ಅಡುಗೆಕಟ್ಟೆಯ ಮೇಲೆ ಕೂರುವ ಮನೆಬಳಕೆಯ ಮಾದರಿ ಜನಪ್ರಿಯವಾಗಲು 1967ರವರೆಗೆ ಕಾಯಬೇಕಾಯಿತು.

ಈ ಕೊಳವೆ ಹೊಮ್ಮಿಸುವ ಅಲೆಗಳ ಕಂಪನಾಂಕ 2450 ಮೆಗಾಹರ್ಟ್ಸ್, ಮನೆಯ ವೈಫೈ ಬಳಸುವ ತರಂಗಗಳ ಆಸುಪಾಸಿನದೇ. ನೀರಿನ ಅಣುವಿನ ಒಂದು ತುದಿಗೆ ಕೊಂಚ ಧನ ವಿದ್ಯುತ್, ಇನ್ನೊಂದಕ್ಕೆ ಕೊಂಚ ಋಣ ವಿದ್ಯುತ್ ಇರುತ್ತದೆ. ಅಲೆಯ ದಿಕ್ಕು ಸೆಕೆಂಡಿಗೆ ಕೋಟ್ಯಂತರ ಸಲ ಬದಲಾದಂತೆ ಅಣುಗಳೂ ಅದರ ಜೊತೆ ಹೊರಳಲು ಹೆಣಗುತ್ತವೆ, ಆ ತಿಕ್ಕಾಟ ಬಿಸಿಯಾಗುತ್ತದೆ. ನಡೆಯುವುದು ಇಷ್ಟೇ. ಎಕ್ಸ್‌ರೇಯಂತೆ ಅಣುಗಳನ್ನು ಒಡೆಯುವ, ವಂಶವಾಹಿಯನ್ನು ಕೆಡಿಸುವ ಕಸುವು ಈ ಅಲೆಗಳಿಗಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ, ಓವನ್ ನಿಂತ ಮೇಲೆ ಅನ್ನದಲ್ಲಾಗಲಿ ಸಾರಿನಲ್ಲಾಗಲಿ ಅಲೆ ಉಳಿಯುವುದಿಲ್ಲ.

ಅಲೆಗಳು ಹೊರಗೆ ಬರದಂತೆ ತಡೆಯುವುದು ಓವನ್‌ನ ಲೋಹದ ಗೋಡೆ ಮತ್ತು ಬಾಗಿಲಿನ ಗಾಜಿನೊಳಗಿನ ಲೋಹದ ಜಾಲರಿ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಜಾಲರಿಯ ತೂತುಗಳೋ ಒಂದೆರಡು ಮಿಲಿಮೀಟರಿನವು. ಬೆಳಕು ನುಸುಳುತ್ತದೆ, ಈ ಅಲೆಗಳಿಗೆ ದಾರಿಯಿಲ್ಲ. ಓವನ್‌ನ ಇಡೀ ಬಾಳಿಕೆಯಲ್ಲಿ ಸೋರಿಕೆ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದು ಎಂಬ ನಿಯಮ ಅಮೆರಿಕದಲ್ಲಿ 1971ರಿಂದ ಇದೆ. ಅರ್ಧ ಮೀಟರ್ ದೂರ ನಿಂತವರಿಗೆ ಅದರ ನೂರರಲ್ಲೊಂದು ಪಾಲಷ್ಟೇ ತಲುಪುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಾದರೆ ಇಡೀ ಭದ್ರತೆ ನಿಂತಿರುವುದು ಬಾಗಿಲಿನ ಮೇಲೆ. ತೆರೆದ ಬಾಗಿಲಿಗೆ ಮಗು ಜೋತುಬಿದ್ದರೆ, ಒದ್ದೆ ಟವೆಲ್ ಸಿಕ್ಕಿಸಿ ಒತ್ತಿ ಮುಚ್ಚಿದರೆ, ಅಂಚಿನಲ್ಲಿ ಪಲ್ಯದ ಜಿಡ್ಡು ಗಟ್ಟಿಯಾದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಕೀಲು ಸಡಿಲವಾದ, ಗಾಜು ಸೀಳಿದ, ಅಂಚು ಬಾಗಿದ ಓವನ್ ಎಷ್ಟೇ ಚೆನ್ನಾಗಿ ಬಿಸಿ ಮಾಡುತ್ತಿದ್ದರೂ ರಿಪೇರಿಯಾಗುವ ತನಕ ಅದನ್ನು ಓಡಿಸಬಾರದು. ಇನ್ನು ಮೇಲೆ ಹೆದರಿಕೆಯನ್ನೆಲ್ಲ ಆ ಬಾಗಿಲಿನ ಅಂಚಿಗೆ ಮೀಸಲಿಟ್ಟು, ಉಳಿದ ಎಚ್ಚರವನ್ನು ಬಿಸಿಯ ಕಡೆ ತಿರುಗಿಸೋಣ.

ಮೊದಲು ಬರೀ ನೀರು. ನಿಂಬೆರಸಕ್ಕೋ ಇನ್‌ಸ್ಟಂಟ್ ಕಾಫಿಗೋ ಒಂದು ಮಗ್ ನೀರು ಕಾಯಿಸುವಷ್ಟು ನಿರಪಾಯ ಎನ್ನಿಸುವ ಕೆಲಸ ಇನ್ನೊಂದಿಲ್ಲ. ಒಲೆಯ ಮೇಲಿನ ಪಾತ್ರೆಯ ತಳದಲ್ಲಿ ಗುಳ್ಳೆಗಳೆದ್ದು ನೀರು ಮರಳುವುದು ಕಣ್ಣಿಗೆ ಕಾಣುತ್ತದೆ. ನುಣುಪಾದ ಹೊಸ ಪಿಂಗಾಣಿ ಮಗ್‌ನಲ್ಲಿ ಗುಳ್ಳೆ ಹುಟ್ಟಲು ಒರಟು ಜಾಗವೇ ಇರುವುದಿಲ್ಲ. ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಅಲ್ಲಾಡದೆ ಕೂತಿರುತ್ತದೆ. ಅಂಥ ನೀರಿಗೆ ಕಾಫಿಪುಡಿ ಬಿದ್ದರೆ, ಚಮಚ ತಗುಲಿದರೆ, ಮಗ್ ಸ್ವಲ್ಪ ಕುಲುಕಿದರೂ ಸಾಕು, ಒಮ್ಮೆಗೇ ಉಕ್ಕಿ ಮುಖ ಕೈಗಳ ಮೇಲೆ ಎರಚುತ್ತದೆ. ಒಮ್ಮೆ ಕಾಯಿಸಿ ಆರಿದ ನೀರನ್ನು ಮತ್ತೆ ಕಾಯಿಸುವಾಗ ಈ ಅಪಾಯ ಇನ್ನೂ ಹೆಚ್ಚು, ಅದರಲ್ಲಿ ಕರಗಿದ್ದ ಗಾಳಿ ಆಗಲೇ ಹೋಗಿರುತ್ತದೆ. ನೀರಿನ ಜೊತೆ ಮರದ ಕಡ್ಡಿಯೊಂದನ್ನು ಇಡಿ. ಬೇಕಾದಷ್ಟು ಹೊತ್ತು ಮಾತ್ರ ಕಾಯಿಸಿ, ನಿಂತ ಮೇಲೆ ಒಂದು ನಿಮಿಷ ಹಾಗೇ ಬಿಡಿ. ಬೇಯಿಸಿದ ಮೊಟ್ಟೆಯೂ ಇದೇ ಜಾತಿಯದು. ಸಿಪ್ಪೆ ಸುಲಿದಿದ್ದರೂ ಹಳದಿಯೊಳಗೆ ಬಿಸಿ ಅಡಗಿದ್ದು, ಕಚ್ಚಿದಾಗ ಸಿಡಿಯಬಹುದು. ಬದನೆಕಾಯಿ, ಆಲೂಗೆಡ್ಡೆ, ಗೆಣಸಿಗೆ ಫೋರ್ಕಿನಿಂದ ನಾಲ್ಕಾರು ಕಡೆ ಚುಚ್ಚದೆ ಒಳಗಿಡಬಾರದು.

ಹಬೆಯ ವಿಷಯದಲ್ಲೂ ಅಷ್ಟೇ ಜಾಗ್ರತೆ ಬೇಕು. ಮುಚ್ಚಳವನ್ನು ಬಿಗಿಯಾಗಿ ಮುಚ್ಚದೆ ಒಂದು ಕಡೆ ಸಂದು ಬಿಡಬೇಕು. ತೆಗೆಯುವಾಗ ಆಚೆ ಕಡೆಯಿಂದ ಎತ್ತಿ, ಹಬೆ ನಮ್ಮ ಮುಖದಿಂದ ದೂರ ಹೋಗುವಂತೆ ನೋಡಿಕೊಳ್ಳಬೇಕು. ಎತ್ತರದ ಕಪಾಟಿನಲ್ಲಿ ಓವನ್ ಕೂರಿಸುವ ಈಗಿನ ಮಾಡ್ಯುಲರ್ ಅಡುಗೆಮನೆಗಳು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕುದಿಯುವ ಸಾರಿನ ಬಟ್ಟಲನ್ನು ತಲೆಯ ಮಟ್ಟದಿಂದ ಇಳಿಸುವಾಗ ಕೈ ಜಾರಿದರೆ ಅದು ಬೀಳುವುದು ಎದೆಯ ಮೇಲೆ. ಶಾಲೆಯಿಂದ ಬಂದು ತಾವೇ ಊಟ ಬಿಸಿ ಮಾಡಿಕೊಳ್ಳುವ ಮಕ್ಕಳಿರುವ ಮನೆಯಲ್ಲಂತೂ ಓವನ್ ಅವರ ಎದೆಮಟ್ಟಕ್ಕಿಂತ ಮೇಲಿರಬಾರದು.

ತಂಗಳು ಬಿಸಿ ಮಾಡುವವರ ತೊಂದರೆ ಈ ಅತಿಬಿಸಿಯ ಅಪಾಯಕ್ಕೆ ತಿರುಗಾಮುರುಗಾ. ಮೈಕ್ರೊವೇವ್ ಒಳಗಿನಿಂದ ಹೊರಗೆ ಬೇಯಿಸುತ್ತದೆ ಎನ್ನುವುದು ತಪ್ಪು ನಂಬಿಕೆ. ಅಲೆಗಳು ಗಟ್ಟಿ ಅಡುಗೆಯೊಳಗೆ ಎರಡು ಮೂರು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಸೊರಗುತ್ತವೆ, ನಡುಭಾಗಕ್ಕೆ ಬಿಸಿ ನಿಧಾನವಾಗಿ ಹರಿದೇ ಹೋಗಬೇಕು. ಸಾಲದ್ದಕ್ಕೆ ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದನ್ನೊಂದು ಕೆಲವೆಡೆ ಹಿಗ್ಗಿಸಿ, ಕೆಲವೆಡೆ ಅಳಿಸಿಹಾಕುತ್ತವೆ. ಗಾಜಿನ ತಟ್ಟೆ ತಿರುಗುವುದು ಆ ಏರುಪೇರನ್ನು ತಗ್ಗಿಸಲಿಕ್ಕೆ. ಆದರೂ ಗಟ್ಟಿಯಾದ ಬಿಸಿಬೇಳೆಬಾತಿನ ಅಂಚು ಕೊತಕೊತ ಕುದಿಯುತ್ತಿದ್ದಾಗ ನಡುವೆ ಫ್ರಿಜ್‌ನ ತಂಪು ಹಾಗೇ ಉಳಿದಿರಬಹುದು. ರೋಗಾಣುಗಳು ಬದುಕುವುದು ಆ ತಣ್ಣನೆಯ ತಾಣಗಳಲ್ಲಿ. ಉಳಿದ ಅಡುಗೆ ಎಲ್ಲ ಕಡೆಯೂ 74 ಡಿಗ್ರಿ ಮುಟ್ಟಬೇಕು ಎಂಬುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಉಪಾಯ ಇಷ್ಟು: ನಡುವೆ ಗುಳಿ ಬಿಟ್ಟು ಬಳೆಯಾಕಾರದಲ್ಲಿ ಹರಡಿ, ಮೇಲೆ ಸ್ವಲ್ಪ ನೀರು ಚಿಮುಕಿಸಿ, ಅರ್ಧದಲ್ಲಿ ನಿಲ್ಲಿಸಿ ಅಡಿಮೇಲಾಗಿ ಕಲಸಿ, ಮುಗಿದ ಮೇಲೆ ಎರಡು ಮೂರು ನಿಮಿಷ ಮುಚ್ಚಿಡಿ. ಹೊರಗೆ ಹಬೆಯಾಡಿದರೆ ಸಾಲದು, ನಡುವಿನಲ್ಲೂ ಹಬೆಯಾಡಬೇಕು.

ಅನ್ನಕ್ಕೆ ಪ್ರತ್ಯೇಕ ಎಚ್ಚರಿಕೆ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯಲ್ಲೂ ಸಾಯುವುದಿಲ್ಲ. ಮಧ್ಯಾಹ್ನದ ಅನ್ನವನ್ನು ರಾತ್ರಿಯವರೆಗೆ ಕಟ್ಟೆಯ ಮೇಲೇ ಬಿಟ್ಟರೆ ಅವು ಮೊಳೆತು, ವಾಂತಿ ತರುವ ವಿಷವನ್ನು ಸ್ರವಿಸುತ್ತವೆ. ಆ ವಿಷ ಶಾಖಕ್ಕೆ ಜಗ್ಗುವುದಿಲ್ಲ, ಎಷ್ಟು ನಿಮಿಷ ಓವನ್‌ನಲ್ಲಿಟ್ಟರೂ ಕೆಟ್ಟ ಅನ್ನ ಒಳ್ಳೆಯದಾಗುವುದಿಲ್ಲ. ನಾಳೆಯ ಚಿತ್ರಾನ್ನಕ್ಕೆ ಬೇಕಾದ ಅನ್ನ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು.

ಹಸುಗೂಸಿನ ಹಾಲನ್ನು ಮಾತ್ರ ಮೈಕ್ರೊವೇವ್‌ನಲ್ಲಿ ಬಿಸಿ ಮಾಡಲೇಬೇಡಿ. ಸೀಸೆ ಹೊರಗೆ ತಣ್ಣಗಿದ್ದು ಒಳಗಿನ ಹಾಲು ಅಲ್ಲಲ್ಲಿ ಕುದಿಬಿಸಿಯಾಗಿರುತ್ತದೆ, ಕೂಸಿನ ಬಾಯಿ ಗಂಟಲು ಸುಡುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಸೀಸೆ ನಿಲ್ಲಿಸುವ ಹಳೆಯ ವಿಧಾನಕ್ಕೆ ಐದು ನಿಮಿಷ ಹೆಚ್ಚು ಹಿಡಿದರೂ ಅದೇ ಸರಿ.

ನಮ್ಮದು ಸ್ಟೀಲ್ ಪಾತ್ರೆಗಳ ನಾಡು. ಸ್ಟೀಲ್ ಡಬ್ಬಿ ಅಲೆಗಳನ್ನು ವಾಪಸು ಎಸೆಯುತ್ತದೆ, ಅದರ ಅಂಚು ಮೂಲೆಗಳಲ್ಲಿ ಕಿಡಿ ಹಾರುತ್ತದೆ. ಇದು ಬಹಳ ಜನಕ್ಕೆ ಗೊತ್ತು. ಆದರೆ ಹೊರಗೆ ಪ್ಲಾಸ್ಟಿಕ್, ಒಳಗೆ ಸ್ಟೀಲ್ ಇರುವ ಹಾಟ್‌ಬಾಕ್ಸ್‌ಗಳು ಮೋಸ ಮಾಡುತ್ತವೆ. ಬಂಗಾರದ ಗೆರೆಯ ಕಪ್ಪು, ಅಲ್ಯೂಮಿನಿಯಂ ಹಾಳೆ ಅಂಟಿದ ಪಾರ್ಸೆಲ್ ಪೊಟ್ಟಣ, ಸ್ಟೇಪಲ್ ಪಿನ್ ಇರುವ ಟೀ ಚೀಲ, ಇವೂ ಲೋಹವೇ. ಹೂವಿನ ಚಿತ್ತಾರದ ಹಗುರ ಮೆಲಮೈನ್ ತಟ್ಟೆಗಳು ಪಿಂಗಾಣಿಯಂತೆ ಕಾಣುತ್ತವೆ. 70 ಡಿಗ್ರಿ ದಾಟಿದರೆ ಅವುಗಳಿಂದ ಫಾರ್ಮಾಲ್ಡಿಹೈಡ್ ಆಹಾರಕ್ಕೆ ಸೇರುತ್ತದೆ, ಹಾಗಾಗಿ ಅವು ಓವನ್‌ಗೆ ಸಲ್ಲ. ಹೋಟೆಲ್‌ನಿಂದ ಪಲ್ಯ ಬಂದ ತೆಳು ಡಬ್ಬಿಯನ್ನೂ ಹಾಗೇ ಒಳಗಿಡದೆ ಗಾಜಿನ ಬಟ್ಟಲಿಗೆ ಬಗ್ಗಿಸಿಕೊಳ್ಳಿ. ಶಾಖ ತಡೆಯುವ ಬೋರೋಸಿಲಿಕೇಟ್ ಗಾಜಿನ ನಾಲ್ಕು ಬಟ್ಟಲು ಮನೆಯಲ್ಲಿದ್ದರೆ ಈ ಪ್ಯಾರಾದ ಅರ್ಧ ಚಿಂತೆ ಮುಗಿಯಿತು.

ಕನ್ವೆಕ್ಷನ್ ಓವನ್ ಕೊಂಡವರಿಗೆ ಇನ್ನೊಂದು ಗೊಂದಲ ಕಾದಿರುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಯಂತ್ರಗಳಿವೆ. ಕನ್ವೆಕ್ಷನ್‌ಗೆ ಹಾಕಿದರೆ ಬಿಸಿಗಾಳಿ 200 ಡಿಗ್ರಿವರೆಗೂ ಏರುತ್ತದೆ. ಆಗ ಲೋಹದ ಕೇಕ್ ತಟ್ಟೆ ಸರಿ, ‘ಮೈಕ್ರೊವೇವ್ ಸೇಫ್’ ಎಂದು ಬರೆದ ಪ್ಲಾಸ್ಟಿಕ್ ಡಬ್ಬಿ ಕರಗಿ ಹೋಗುತ್ತದೆ. ಮೈಕ್ರೊವೇವ್‌ಗೆ ಹಾಕಿದರೆ ಪ್ಲಾಸ್ಟಿಕ್ ಉಳಿಯುತ್ತದೆ, ಲೋಹ ಕಿಡಿಯಾಡುತ್ತದೆ. ಗುಂಡಿ ಒತ್ತುವ ಮೊದಲು ಪರದೆಯ ಮೇಲೆ ಯಾವ ಗುರುತಿದೆ ಎಂದು ನೋಡುವುದನ್ನು ಮನೆಯ ಎಲ್ಲರಿಗೂ ಕಲಿಸಬೇಕು.

ಒಣ ಪದಾರ್ಥಗಳು ಬೆಂಕಿಗೆ ಹತ್ತಿರ. ಹಪ್ಪಳ ಚೆನ್ನಾಗಿ ಸುಡುತ್ತದೆ, ನಿಜ. ಹತ್ತು ಸೆಕೆಂಡ್ ಹೆಚ್ಚಾದರೆ ಕಪ್ಪಾಗುವುದೂ ಅಷ್ಟೇ ನಿಜ. ಕರಿಬೇವು, ಪುದೀನ ಒಣಗಿಸಲು ಇಟ್ಟು ಬೇರೆ ಕೆಲಸಕ್ಕೆ ಹೋಗುವುದು ಬೇಡ, ನೀರು ಮುಗಿದ ಎಲೆ ಹೊತ್ತಿಕೊಳ್ಳಬಹುದು. ಕಡಲೆಕಾಯಿ ಬೀಜ ಹೊರಗೆ ಬಿಳುಪಾಗಿದ್ದರೂ ಒಳಗೆ ಸುಟ್ಟಿರಬಹುದು. ಬ್ಯಾಡಗಿಯಾಗಲಿ ಗುಂಟೂರಾಗಲಿ, ಮೆಣಸಿನಕಾಯಿ ಹುರಿದು ಬಾಗಿಲು ತೆರೆದರೆ ಘಾಟು ನೇರ ಕಣ್ಣು ಗಂಟಲಿಗೆ. ಒಗ್ಗರಣೆಯ ಎಣ್ಣೆಯೂ ಒಲೆಗೇ ಇರಲಿ. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ. ಓವನ್ ಆರಿಸಿ, ಪ್ಲಗ್ ಎಳೆದು ಕಾಯಿರಿ, ಗಾಳಿ ಸಿಗದೆ ಅದು ತಾನೇ ಆರುತ್ತದೆ. ಯಾರಾದರೂ ಸುಟ್ಟುಕೊಂಡರೆ ಬಳೆ ಉಂಗುರ ಬೇಗ ತೆಗೆದು, ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಅರಿಶಿನ, ಕಾಫಿಪುಡಿ ಯಾವುದೂ ಬೇಡ.

ಒಳಗೋಡೆಯ ಬಲಬದಿಯಲ್ಲಿ ಸಾಮಾನ್ಯವಾಗಿ ರಟ್ಟಿನಂತೆ ಕಾಣುವ ಒಂದು ತುಂಡು ಇರುತ್ತದೆ. ಅದು ಕಾಗೆಬಂಗಾರದ ಹಾಳೆ, ಅಲೆಗಳು ಒಳಗೆ ಬರುವ ದಾರಿಯ ಮುಚ್ಚಳ. ಪ್ಯಾಕಿಂಗ್ ರಟ್ಟು ಎಂದುಕೊಂಡು ಕಿತ್ತು ಎಸೆಯಬೇಡಿ. ಸಾರು ಸಿಡಿದು ಅದರ ಮೇಲೆ ಒಣಗಿದರೆ ಆ ಕಲೆ ಸುಟ್ಟು ಕಿಡಿಯಾಗುತ್ತದೆ. ನಿಂಬೆಹೋಳು ಹಾಕಿದ ನೀರನ್ನು ಎರಡು ನಿಮಿಷ ಕಾಯಿಸಿ, ಹಬೆಗೆ ಮೆತ್ತಗಾದ ಕಲೆಯನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಖಾಲಿ ಓವನ್ ಓಡಿಸಬಾರದು, ಹೀರುವವರಿಲ್ಲದ ಅಲೆಗಳು ಮ್ಯಾಗ್ನೆಟ್ರಾನ್‌ಗೇ ಮರಳಿ ಅದನ್ನು ಕೆಡಿಸುತ್ತವೆ.

ವಿದ್ಯುತ್ತಿನ ಲೆಕ್ಕ ಸರಳ. 800 ವ್ಯಾಟ್ ಎಂದು ಬರೆದಿರುವುದು ಅಡುಗೆಗೆ ಸಿಗುವ ಶಕ್ತಿ, ಗೋಡೆಯಿಂದ ಎಳೆಯುವುದು 1200 ವ್ಯಾಟ್‌ನ ಆಸುಪಾಸು. ಕನ್ವೆಕ್ಷನ್‌ನಲ್ಲಿ 2000 ದಾಟುವುದುಂಟು. ಫ್ಯಾನು ಮೊಬೈಲಿನ 6 ಆಂಪಿಯರ್ ಪಾಯಿಂಟು 230 ವೋಲ್ಟಿಗೆ ತಾಳುವುದು 1380 ವ್ಯಾಟ್. ಆದ್ದರಿಂದ ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟೇ ಬೇಕು, ಮಿಕ್ಸಿಯ ಜೊತೆ ಎಕ್ಸ್‌ಟೆನ್ಷನ್ ಬೋರ್ಡ್ ಹಂಚಿಕೊಳ್ಳುವುದು ಸಲ್ಲ.

ರಿಪೇರಿಯ ಮಾತಿಗೆ ಬಂದರೆ ನಾನು ಕಟ್ಟುನಿಟ್ಟು. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬಿಚ್ಚಿ ಕಟ್ಟಿ ಅಭ್ಯಾಸವಿರುವ ಕೈಗಳು ಕೂಡ ಈ ಪೆಟ್ಟಿಗೆಯ ಹೊರಕವಚ ಬಿಚ್ಚಬಾರದು. ಒಳಗಿನ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಅದರ ಜೊತೆಗಿರುವ ಕೆಪಾಸಿಟರ್, ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಹಳೆಯ ಓವನ್‌ನ ಟ್ರಾನ್ಸ್‌ಫಾರ್ಮರ್ ಕಿತ್ತು ಮರದ ಮೇಲೆ ಮಿಂಚಿನ ಚಿತ್ತಾರ ಸುಡುವ ಹವ್ಯಾಸಕ್ಕೆ ಅಮೆರಿಕದಲ್ಲಿ ಜನ ಬಲಿಯಾಗಿದ್ದಾರೆ. ಆ ವಿಡಿಯೊಗಳು ನಮ್ಮ ಮಕ್ಕಳ ಮೊಬೈಲಿಗೂ ಬರುತ್ತವೆ. ಅಟ್ಟದ ಮೇಲಿನ ಕೆಟ್ಟ ಓವನ್ ಅವರ ಆಟಕ್ಕೆ ಸಿಗಕೂಡದು.

ಮೆಕ್ಯಾನಿಕ್ ಬಂದಾಗ ಕೇಳಬೇಕಾದದ್ದೂ ಒಂದಿದೆ. ಬಾಗಿಲಿನ ಸ್ವಿಚ್‌ಗಳಲ್ಲಿ ಒಂದು ಕಾವಲು ಸ್ವಿಚ್. ಉಳಿದವು ಕೈಕೊಟ್ಟು ಬಾಗಿಲು ತೆರೆದಾಗಲೂ ಅಲೆಗಳು ಹೊಮ್ಮುವ ಪರಿಸ್ಥಿತಿ ಬಂದರೆ ಅದು ಬೇಕೆಂದೇ ಫ್ಯೂಸ್ ಸುಟ್ಟು ಓವನ್ನನ್ನು ನಿಲ್ಲಿಸುತ್ತದೆ. ಹೊಸ ಫ್ಯೂಸ್ ಹಾಕಿದರೂ ಮತ್ತೆ ಮತ್ತೆ ಹೋಗುತ್ತಿದ್ದರೆ ಬಾಗಿಲಿನ ಸ್ವಿಚ್‌ಗಳನ್ನು ಪರೀಕ್ಷಿಸಲು ಹೇಳಿ. ದಪ್ಪ ಫ್ಯೂಸ್ ಹಾಕುತ್ತೇನೆ, ಒಂದು ವೈರ್ ಸೇರಿಸಿ ಸ್ವಿಚ್ ತಪ್ಪಿಸುತ್ತೇನೆ, ಖರ್ಚು ಕಡಿಮೆ ಎಂದರೆ ಒಪ್ಪಬೇಡಿ. ಸ್ವಿಚ್ ಬದಲಾದ ಮೇಲೆ ಮೀಟರ್ ಹಿಡಿದು ಬಾಗಿಲಿನ ಸುತ್ತ ಸೋರಿಕೆ ಅಳೆದು ತೋರಿಸುವಂತೆ ಕೇಳಿ, ಆಮೇಲೆ ಬಿಲ್ಲಿನ ಹಣ ಕೊಡಿ.