ಡಾಕ್ಟರ ಮುಂದೆ ಏನಂತ ಹೇಳುವುದು?

ಶುಗರ್ ಮಾತ್ರೆಯನ್ನು ಮದುವೆಯೂಟದ ಪಂಕ್ತಿಯಲ್ಲೇ ಬಾಯಿಗೆ ಹಾಕಿಕೊಳ್ಳುವ ಕುಂದಾಪುರದವರು, ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ಕಪಾಟಿನ ಸೀರೆಯಡಿ ಇಡುತ್ತಾರೆ. ಮನೆಯ ಹುಡುಗಿಯ ಸಂಬಂಧ ತಪ್ಪೀತೆಂಬ ಹೆದರಿಕೆ. ಹಾಗಾಗಿ ಮೊದಲು ಪಾತ್ರಿ, ಆಮೇಲೆ ಜೋಯಿಸರು, ಕಟ್ಟಕಡೆಗೆ ಆಸ್ಪತ್ರೆ. ದೈವಕ್ಕೆ ಹೇಳಿಕೊಳ್ಳಬೇಡಿ ಎನ್ನುವುದಿಲ್ಲ. ಆ ವಾರವೇ ಡಾಕ್ಟರನ್ನೂ ಕಾಣಿ.

ನೇರ ಮನೋವೈದ್ಯರಲ್ಲಿಗೇ ಹೋಗಬೇಕೆಂದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೋ, ಕುಂದಾಪುರದ ತಾಲೂಕು ಆಸ್ಪತ್ರೆಯೋ ಸಾಕು. ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿದರಾಯಿತು.

ಕಾಯಿಲೆಯ ಹೆಸರು ನೀವು ಹೇಳಬೇಕಿಲ್ಲ. ದಿನದ ಲೆಕ್ಕ ಹೇಳಿ: "ಹದ್ನೈದ್ ದಿನ ಆಯ್ತ್ ಡಾಕ್ಟ್ರೇ, ನಿದ್ರಿ ಬತ್ತಿಲ್ಲೆ, ಉಂಬುಕೂ ಮನ್ಸಿಲ್ಲೆ, ಕೆಲ್ಸಕ್ ಹೋಪುಕೂ ಆತಿಲ್ಲೆ." ಅಷ್ಟರಿಂದಲೇ ಅವರ ಪ್ರಶ್ನೆಗಳು ಶುರುವಾಗುತ್ತವೆ. ಕುಡಿತ ಇದೆಯೇ, ಮನೆಯಲ್ಲಿ ಮತ್ತಾರಿಗಾದರೂ ಹೀಗಾಗಿತ್ತೇ, ಸಾಯಬೇಕು ಅನ್ನಿಸಿದೆಯೇ? ಕೊನೆಯದಕ್ಕೆ ಸಂಕೋಚಪಡದೆ ಇದ್ದದ್ದನ್ನು ಇದ್ದಹಾಗೆ ಹೇಳಿ. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಕುಗ್ಗುವುದರಿಂದ ರಕ್ತಪರೀಕ್ಷೆಗೂ ಬರೆದಾರು.

ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಹೊಟ್ಟೆ ತೊಳಸುವುದು ಮಾತ್ರ ಮೊದಲ ದಿನಗಳಲ್ಲೇ. ಲಾಭ ಕಾಣುವ ಮೊದಲೇ ತೊಂದರೆ ಕಾಣುವುದರಿಂದ ಬಹಳ ಮಂದಿ ಕೈಬಿಡುವುದು ಇಲ್ಲಿಯೇ. ಗುಣವಾದ ಮೇಲೂ ಕೆಲವು ತಿಂಗಳು ನುಂಗಬೇಕು. ನಿಲ್ಲಿಸುವುದು ಡಾಕ್ಟರು ಹೇಳಿದಾಗ, ಹಂತಹಂತವಾಗಿ.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ವಿವರ ಗೋಪ್ಯ. ಕ್ಯೂನಲ್ಲಿ ನೆಂಟರೇ ಎದುರಾದರೆ ಕಾಯ್ದೆ ಏನೂ ಮಾಡದು, ನಿಜ. ಅದಕ್ಕೆ ಫೋನಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್, 14416. ಹಗಲುರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಂಬೈ ಹೋಟೆಲಿನಲ್ಲಿರುವ ಬೈಂದೂರಿನ ಹುಡುಗನೂ, ಬ್ರಹ್ಮಾವರದ ಮನೆಯಲ್ಲಿ ಒಬ್ಬರೇ ಇರುವ ಅಮ್ಮನೂ ಇದೇ ನಂಬರಿಗೆ ಮಾಡಬಹುದು.

ಇನ್ನು ಮನೆಯವರು. "ಗಟ್ಟಿ ಮನ್ಸ್ ಮಾಡ್" ಎಂದರೆ ಎದುರಿದ್ದವರ ಬಾಯಿ ಅಲ್ಲಿಗೇ ಮುಚ್ಚುತ್ತದೆ. "ಎಂತ ಆಯ್ತ್ ಮಗಾ, ಹೇಳ್ ಕಾಂಬ" ಎಂದು ಕೇಳಿ, ನಡುವೆ ಬಾಯಿ ಹಾಕಬೇಡಿ. ಆಸ್ಪತ್ರೆಗೆ ಜೊತೆಗೆ ಹೋಗಿ. ಸಾವಿನ ಮಾತು ಬಂತೋ, ನಾಳೆ ಎನ್ನಬೇಡಿ. ಮಾತ್ರೆ, ತೋಟಕ್ಕೆ ಹೊಡೆಯುವ ಮದ್ದು ಬೀಗದೊಳಗಿರಲಿ, ಅವರನ್ನು ಒಂಟಿ ಬಿಡದೆ 108 ಆಂಬುಲೆನ್ಸಿಗೆ ಫೋನ್ ಮಾಡಿ.